ಮನೆಯ ಯಜಮಾನ, ಬೀದಿಯ ಯಜಮಾನ

2022ರ ಏಪ್ರಿಲ್ 14 ಪವಿತ್ರ ಗುರುವಾರ. ಆ ವರ್ಷ ಪವಿತ್ರ ವಾರದ ವಿಧಿಗಳನ್ನು ನಡೆಸಿಕೊಡಲು ನಾನು ಬಿ.ಜಿ. ಕೆರೆಯ ಕಡೆಗೆ ಹೋಗಿದ್ದೆ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರಿನ ಸುತ್ತಮುತ್ತ ನಮ್ಮ ಕ್ರೈಸ್ತ ಕುಟುಂಬಗಳು ಬೆರಳೆಣಿಕೆಯಷ್ಟು: ಶೇಂಗಾ ಹೊಲದ ಕೂಲಿಯವರು, ಮೊಳಕಾಲ್ಮೂರು ರೇಷ್ಮೆಯ ಮಗ್ಗವನ್ನು ನಂಬಿದ ಒಂದೆರಡು ಮನೆಗಳು, ಮಕ್ಕಳನ್ನು ಬೆಂಗಳೂರಿಗೆ ಕಳುಹಿಸಿ ತಾವಿಲ್ಲಿ ಉಳಿದ ವೃದ್ಧರು. ಸಂಜೆಯ ಬಲಿಪೂಜೆಯಲ್ಲಿ ಪಾದ ತೊಳೆಯುವ ವಿಧಿಗೆ ಹನ್ನೆರಡು ಮಂದಿ ಸಿಗಲಿಲ್ಲ. ಏಳು ಮಂದಿಯ ಪಾದಗಳನ್ನು ತೊಳೆದೆ. ಹೆಸರು ಕೊಟ್ಟಿದ್ದ ಐವರು ಯುವಕರು ಅಂದೇ ಬಿಡುಗಡೆಯಾಗಿದ್ದ 'ಕೆಜಿಎಫ್: ಚಾಪ್ಟರ್ 2' ನೋಡಲು ಪಟ್ಟಣಕ್ಕೆ ಹೋಗಿದ್ದರು. ರಾತ್ರಿ ಹಿಂದಿರುಗಿ, ಪರಮಪ್ರಸಾದದ ಆರಾಧನೆ ಮುಗಿಯುವ ಮುನ್ನ ಬಾಗಿಲ ಬಳಿ ಬಂದು ನಿಂತರು. ನಾನು ಗದರಿಸುವೆನೆಂದು ಊಹಿಸಿ ಅವರಲ್ಲೊಬ್ಬ ತಾನೇ ಮೊದಲು ಹೇಳಿದ: "ತಾಯಿ ಸೆಂಟಿಮೆಂಟ್ ಸಿನಿಮಾ ಫಾದರ್, ಬೇರೇನೂ ಇಲ್ಲ." ಬೇರೇನು ಎಷ್ಟಿದೆ ಎಂಬುದು ಆ ಚಿತ್ರವನ್ನು ನೋಡಿದವರಿಗೆಲ್ಲ ಗೊತ್ತು.

ಕೆಲವು ತಿಂಗಳ ಬಳಿಕ ಅದೇ ಊರಿನ ಒಂದು ಮನೆಗೆ ಭೇಟಿಗೆಂದು ಹೋದಾಗ ಟಿವಿಯಲ್ಲಿ 'ಜೋಗಿ' ಬರುತ್ತಿತ್ತು. ಮನೆಯ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಮಗನೂ ಬೆಂಗಳೂರಿನಲ್ಲಿದ್ದಾನೆ. ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ನನ್ನನ್ನು ಕೂರಿಸಿ, ತೆರೆಯ ಮೇಲಿನ ನಾಯಕನನ್ನು ತೋರಿಸಿ ಕೇಳಿದರು: "ತಾಯಿ ಮ್ಯಾಲೆ ಅಷ್ಟು ಪ್ರೀತಿ ಇಟ್ಕಂಡಿರೋನು ಕೆಟ್ಟೋನು ಹೆಂಗಾಗ್ತಾನೆ ಫಾದರ್?" ಇಪ್ಪತ್ತು ವರ್ಷ ನೀತಿ ದೈವಶಾಸ್ತ್ರವನ್ನು ಓದಿದ, ಅದರಲ್ಲಿ ಅರ್ಧದಷ್ಟು ಕಾಲ ಅದನ್ನು ಬೋಧಿಸಿದ ನಾನು ಚಹಾ ಕುಡಿದು, ಮನೆಯನ್ನು ಆಶೀರ್ವದಿಸಿ ಎದ್ದುಬಂದೆ. ಈ ಲೇಖನ ಅಂದು ಕೊಡದ ಉತ್ತರವನ್ನು ಹುಡುಕುವ ಪ್ರಯತ್ನ.

ಅಜ್ಜಿಯ ಪ್ರಶ್ನೆಯನ್ನು ಜಗತ್ತಿನ ಟೆಲಿವಿಷನ್ ಕೂಡ ಕೇಳಿದೆ. ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 1999ರಿಂದ 2007ರವರೆಗೆ 86 ಕಂತುಗಳಲ್ಲಿ ಪ್ರಸಾರವಾದ 'ದ ಸೊಪ್ರಾನೋಸ್' ಈ ವಿಷಯದ ಮೂಲ ಪಾಠ ಎನ್ನಬಹುದು. ಲೈಸೆನ್ಶಿಯೇಟ್ ಅಧ್ಯಯನದ ದಿನಗಳಲ್ಲಿ ಸಹಪಾಠಿಯೊಬ್ಬರು ಕೊಟ್ಟ ಡಿವಿಡಿಗಳಲ್ಲಿ ನಾನದನ್ನು ನೋಡಿದೆ. ಪ್ರಬಂಧ ಬರೆಯಬೇಕಾದ ರಾತ್ರಿಗಳು ಅದಕ್ಕೆ ಹೋದವು ಎಂದು ಒಪ್ಪಿಕೊಳ್ಳುತ್ತೇನೆ. ನಾಯಕ ಟೋನಿ ಸೊಪ್ರಾನೊ ನ್ಯೂಜೆರ್ಸಿಯ ಮಾಫಿಯಾ ಮುಖ್ಯಸ್ಥ. ಹೊರಗೆ ಹೇಳಿಕೊಳ್ಳುವುದು ಕಸ ವಿಲೇವಾರಿಯ ವ್ಯವಹಾರ. ಹೆಂಡತಿ ಕಾರ್ಮೆಲ, ಒಬ್ಬ ಮಗಳು, ಒಬ್ಬ ಮಗ, ದೊಡ್ಡ ಮನೆ, ಈಜುಕೊಳ. ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬೀಳುವ ಕಾಯಿಲೆಯಿಂದಾಗಿ ಅವನು ಮನೋವೈದ್ಯೆಯ ಬಳಿಗೆ ಹೋಗುತ್ತಾನೆ. ಅಲ್ಲಿ ಅವನ ದೂರುಗಳೆಲ್ಲ ಯಾವುದೇ ಗೃಹಸ್ಥನವೇ: ಮಕ್ಕಳು ಮಾತು ಕೇಳುವುದಿಲ್ಲ, ತಾಯಿ ಹಟಮಾರಿ, ಕೆಲಸದಲ್ಲಿ ನಂಬುವ ಜನರಿಲ್ಲ, ಮನೆಗೆ ಹೊತ್ತು ಸಾಲುವುದಿಲ್ಲ.

ಮೊದಲ ವರ್ಷದ ಐದನೆಯ ಕಂತನ್ನು ನಾನು ತರಗತಿಯಲ್ಲಿ ವಿವರಿಸುವುದುಂಟು. ಟೋನಿ ತನ್ನ ಮಗಳಿಗೆ ಕಾಲೇಜುಗಳನ್ನು ತೋರಿಸಲು ಮೇಯ್ನ್ ರಾಜ್ಯಕ್ಕೆ ಕರೆದೊಯ್ಯುತ್ತಾನೆ. ದಾರಿಯಲ್ಲಿ, ಹಿಂದೆ ತಮ್ಮ ಗುಂಪನ್ನು ಪೊಲೀಸರಿಗೆ ಒಪ್ಪಿಸಿ ಹೆಸರು ಬದಲಿಸಿಕೊಂಡು ಬದುಕುತ್ತಿರುವ ಒಬ್ಬನನ್ನು ಕಾಣುತ್ತಾನೆ. ಮಗಳು ಸಂದರ್ಶನದಲ್ಲಿರುವಾಗ ಅವನನ್ನು ಹುಡುಕಿ, ತಂತಿಯಿಂದ ಕುತ್ತಿಗೆ ಬಿಗಿದು ಕೊಲ್ಲುತ್ತಾನೆ. ಕೈ ಗಾಯ ಮಾಡಿಕೊಂಡು, ಹೊತ್ತಿಗೆ ಸರಿಯಾಗಿ ಅಲ್ಲದಿದ್ದರೂ, ಮಗಳ ಬಳಿಗೆ ಹಿಂದಿರುಗುತ್ತಾನೆ. ಅದೇ ಹೊತ್ತಿನಲ್ಲಿ ಅತ್ತ ಮನೆಯಲ್ಲಿ ಕಾರ್ಮೆಲ ಧರ್ಮಕೇಂದ್ರದ ಯುವ ಗುರು ಫಾದರ್ ಫಿಲ್ ಅವರಿಗೆ ಊಟ ಬಡಿಸಿ, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸುತ್ತಾಳೆ. ಈ ಕೊಲೆಯನ್ನು ಕಂಡರೆ ಪ್ರೇಕ್ಷಕರು ನಾಯಕನನ್ನು ತಿರಸ್ಕರಿಸುತ್ತಾರೆಂದು ವಾಹಿನಿಯವರು ಹೆದರಿದ್ದರಂತೆ. ಧಾರಾವಾಹಿಯ ಕರ್ತೃ ಡೇವಿಡ್ ಚೇಸ್ ಅದನ್ನು ಹೇಳಿಕೊಂಡಿದ್ದಾರೆ. ಯಾರೂ ತಿರಸ್ಕರಿಸಲಿಲ್ಲ. ನಾನೂ ತಿರಸ್ಕರಿಸಲಿಲ್ಲ. ಮಗಳ ಬಳಿಗೆ ಅವನು ತಲುಪಲಿ ಎಂದೇ ಕಾತರದಿಂದ ನೋಡಿದೆ. ನನ್ನ ಮಟ್ಟಿಗೆ ಆ ಕಂತಿನ ಸಾರ ಅಲ್ಲಿದೆ: ತಂತಿಯ ತುದಿಯಲ್ಲಿದ್ದವನಿಗೂ ಒಬ್ಬ ಮಗಳಿದ್ದಾಳೆ ಎಂದು ಚಿತ್ರ ತೋರಿಸಿದ ಮೇಲೂ ನಾನು ನೆನೆದದ್ದು ಟೋನಿಯ ಮಗಳನ್ನು ಮಾತ್ರ.

ಇಂಥ ನಾಯಕನ ಆಕರ್ಷಣೆಗೆ ವಿಮರ್ಶಕರು ಸಾಮಾನ್ಯವಾಗಿ ಕೊಡುವ ಕಾರಣಗಳು ಎರಡು. ನಮಗಿಲ್ಲದ ಅಧಿಕಾರ ಅವನಿಗಿದೆ ಎಂಬುದು ಒಂದು. ನಮಗಿರುವ ಸಂಸಾರದ ತಾಪತ್ರಯ ಅವನಿಗೂ ಇದೆ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಎರಡೂ ಒಂದು ವಿಷಯವನ್ನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತವೆ: ಮನೆ ಬೇರೆ, ಬೀದಿ ಬೇರೆ, ಬೀದಿಯಲ್ಲಿ ಅವನು ಕ್ರೂರಿ, ಮನೆಯಲ್ಲಿ ಪ್ರೀತಿಯುಳ್ಳವನು, ಕಥೆಯ ಸ್ವಾರಸ್ಯ ಈ ಎರಡರ ನಡುವಿನ ತೂಗಾಟದಲ್ಲಿದೆ. ಈ ವಿಭಜನೆಯೇ ಸುಳ್ಳು ಎಂದು ನನ್ನ ವಾದ.

ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ಸಂತ ಅಗಸ್ಟೀನರಿಂದ. 'ದೇವನಗರ'ದ ನಾಲ್ಕನೆಯ ಗ್ರಂಥದಲ್ಲಿ, ನ್ಯಾಯವಿಲ್ಲದ ರಾಜ್ಯಗಳನ್ನು ದೊಡ್ಡ ದರೋಡೆ ತಂಡಗಳಿಗೆ ಅವರು ಹೋಲಿಸುವ ಮಾತನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಹತ್ತೊಂಬತ್ತನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಅಲ್ಲಿ ಅಗಸ್ಟೀನರು ದರೋಡೆಕೋರನ ಮನೆಯೊಳಗೆ ಹೋಗುತ್ತಾರೆ. ಅವನೂ ಮನೆಯಲ್ಲಿ ಶಾಂತಿಯನ್ನು ಬಯಸುತ್ತಾನೆ. ಹೆಂಡತಿ ಮಕ್ಕಳು ತನ್ನ ಕಣ್ಸನ್ನೆಗೆ ನಡೆದುಕೊಂಡರೆ ಸಂತೋಷಪಡುತ್ತಾನೆ, ನಡೆಯದಿದ್ದರೆ ಗದರಿಸುತ್ತಾನೆ, ದಂಡಿಸುತ್ತಾನೆ. ಇಷ್ಟನ್ನು ಹೇಳಿ ಸುಮ್ಮನಾಗಿದ್ದರೆ ಅದು ಅಜ್ಜಿಯ ಮಾತೇ ಆಗುತ್ತಿತ್ತು: ಕಳ್ಳನಿಗೂ ಕರುಳಿದೆ ಎಂದು. ಅಗಸ್ಟೀನರು ಮುಂದೆ ಹೋಗುತ್ತಾರೆ. ಮನೆಯವರಿಂದ ಪಡೆಯುವ ವಿಧೇಯತೆಯನ್ನೇ ಒಂದು ಇಡೀ ಪಟ್ಟಣವೋ ಜನಾಂಗವೋ ಅವನಿಗೆ ಕೊಡಲು ಮುಂದಾದರೆ, ಅವನು ಇನ್ನು ಕತ್ತಲಲ್ಲಿ ಅಡಗುವ ಕಳ್ಳನಾಗಿರುವುದಿಲ್ಲ. ಬಹಿರಂಗವಾಗಿ ರಾಜನಾಗಿ ನಿಲ್ಲುತ್ತಾನೆ. ಆದರೆ ಅವನೊಳಗಿನ ಆಸೆ, ಕೇಡು ಹಾಗೆಯೇ ಉಳಿದಿರುತ್ತವೆ.

ಅಂದರೆ ಅವನ ಮನೆ ಅವನ ದರೋಡೆಯ ವಿರುದ್ಧ ದಿಕ್ಕಿನಲ್ಲಿಲ್ಲ. ಅವನು ಬೀದಿಯಲ್ಲಿ ಸ್ಥಾಪಿಸಲು ಹೊರಟಿರುವ ಯಜಮಾನಿಕೆಯ ಚಿಕ್ಕ ಮಾದರಿ ಅದು. ಅವನು ತನ್ನವರನ್ನು ಪ್ರೀತಿಸುವುದು ನಿಜ. ಆದರೆ 'ತನ್ನವರು' ಎಂಬ ಗೆರೆಯನ್ನು ಎಳೆಯುವ ಹಕ್ಕನ್ನು ತಾನೇ ಇಟ್ಟುಕೊಂಡಿದ್ದಾನೆ. ಗೆರೆಯ ಒಳಗಿದ್ದವರಿಗೆ ರಕ್ಷಣೆ, ಹೊರಗಿದ್ದವರಿಗೆ ತಂತಿ. ಸಾವಿರದ ಆರುನೂರು ವರ್ಷಗಳ ಹಿಂದೆ ಉತ್ತರ ಆಫ್ರಿಕದ ಒಬ್ಬ ಧರ್ಮಾಧ್ಯಕ್ಷರು ಬರೆದ ಈ ಪುಟ ಟೋನಿ ಸೊಪ್ರಾನೊನ ಮನೆಯ ನಕ್ಷೆಯಂತಿದೆ.

ಈಗ ಪವಿತ್ರ ಗುರುವಾರದ ಆ ಚಿತ್ರಕ್ಕೆ ಬರೋಣ. ಪ್ರಶಾಂತ್ ನೀಲ್ ನಿರ್ದೇಶನದ 'ಕೆಜಿಎಫ್' ಎರಡು ಭಾಗಗಳಲ್ಲಿ (2018, 2022) ನಾಯಕ ರಾಕಿಗೆ ತಾಯಿಯದೇ ದೀಕ್ಷೆ. ಸಾಯುವ ಮುನ್ನ ಆಕೆ ಮಗನಿಂದ ಪಡೆಯುವ ಮಾತು ಒಳ್ಳೆಯವನಾಗಿ ಬಾಳು ಎಂಬುದಲ್ಲ. ಸಾಯುವಾಗ ಸಿರಿವಂತನಾಗಿ, ಬಲಶಾಲಿಯಾಗಿ ಸಾಯಬೇಕು ಎಂಬುದು. ಅಲ್ಲಿಂದ ಮುಂದೆ ಎಷ್ಟು ಹೆಣ ಬಿದ್ದರೂ ಅದು ಮಾತೃವಾಕ್ಯ ಪರಿಪಾಲನೆ. ನಮ್ಮ ಧರ್ಮೋಪದೇಶದ ಎಣಿಕೆಯಲ್ಲಿ ನಾಲ್ಕನೆಯ ಕಟ್ಟಳೆ ಐದನೆಯದನ್ನೂ ಏಳನೆಯದನ್ನೂ ನುಂಗಿಬಿಡುತ್ತದೆ. ಮೊದಲ ಭಾಗದಲ್ಲಿ ಕೂಸನ್ನೆತ್ತಿಕೊಂಡ ಬಡ ತಾಯಿಯೊಬ್ಬಳು ರಸ್ತೆಗೆ ಬಿದ್ದ ಬನ್ನನ್ನು ಎತ್ತಿಕೊಳ್ಳಲೆಂದು ಅವನು ಮುಂಬಯಿಯ ವಾಹನಗಳನ್ನೆಲ್ಲ ತಡೆದು ನಿಲ್ಲಿಸುವ ದೃಶ್ಯವಿದೆ. ಚಿತ್ರಮಂದಿರದಲ್ಲಿ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿದ್ದದ್ದು ಅದಕ್ಕೆ ಎಂದು ಆ ಯುವಕರೇ ನನಗೆ ಹೇಳಿದರು. ದೃಶ್ಯ ಚೆನ್ನಾಗಿದೆ. ಆದರೆ ಬನ್ ಕೊಟ್ಟವನು ಕೊನೆಗೆ ಚಿನ್ನದ ಗಣಿಯ ಮೇಲೆ, ಅಲ್ಲಿನ ಸಾವಿರಾರು ಜೀತದಾಳುಗಳ ಮೇಲೆ ಒಡೆಯನಾಗುತ್ತಾನೆ. ಅವರು ಅವನನ್ನು ದೇವರೆಂದು ಕೊಂಡಾಡುತ್ತಾರೆ. ಅಗಸ್ಟೀನರು ಊಹಿಸಿದ್ದ ಪಟ್ಟಣ ಸಿಕ್ಕಿಬಿಟ್ಟಿತು, ಕಳ್ಳ ರಾಜನಾದ. ನಿಜವಾದ ಕೋಲಾರ ಚಿನ್ನದ ಗಣಿಯಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ದುಡಿದವರಲ್ಲಿ, 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದವರಲ್ಲಿ, ನಮ್ಮ ಧರ್ಮಸಭೆಯ ಮಕ್ಕಳೂ ಅನೇಕರಿದ್ದರು. ಕಲ್ಲಿನ ದೂಳು ಎದೆಗೆ ಸೇರಿ ಕೆಮ್ಮಿ ಸತ್ತವರ ತಾಯಂದಿರ ಬಗ್ಗೆ ಯಾರಾದರೂ ಅಷ್ಟು ದೊಡ್ಡ ಚಿತ್ರ ಮಾಡಲಿ ಎಂದು ನಾನು ಕಾಯುತ್ತಿದ್ದೇನೆ.

ಕನ್ನಡದಲ್ಲಿ ಈ ಪರಂಪರೆಗೆ ಹಿರಿಯಣ್ಣ 1995ರ 'ಓಂ'. ಉಪೇಂದ್ರ ನಿರ್ದೇಶಿಸಿ, ಶಿವರಾಜ್‌ಕುಮಾರ್ ನಟಿಸಿದ ಆ ಚಿತ್ರದಲ್ಲಿ ನಿಜಜೀವನದ ರೌಡಿಗಳೂ ಕಾಣಿಸಿಕೊಂಡಿದ್ದರು. ಅದರ ನಾಯಕ ಅರ್ಚಕರೊಬ್ಬರ ಮಗ ಎಂಬುದನ್ನು ಗುರುಮಠದಲ್ಲಿರುವ ನಾವು ಗಮನಿಸಬೇಕು. ಅಗ್ನಿ ಶ್ರೀಧರ್ ಅವರ ಬರಹವನ್ನು ಆಧರಿಸಿದ 'ಆ ದಿನಗಳು' (2007) ಈ ಸಾಲಿಗೆ ಸೇರದು. ಅಲ್ಲಿನ ಕೊತ್ವಾಲನನ್ನು ಮುದ್ದಿನ ಮಗನನ್ನಾಗಿ ಮಾಡುವ ಯತ್ನವಿಲ್ಲ. ಅದು ಒಳ್ಳೆಯ ಚಿತ್ರವಾಗಿರುವುದಕ್ಕೂ ಅದನ್ನು ನೋಡಿ ಯಾವ ಅಜ್ಜಿಯೂ ಅಳದಿರುವುದಕ್ಕೂ ಕಾರಣ ಒಂದೇ ಇರಬೇಕು.

ಅಮೆರಿಕದ ಧಾರಾವಾಹಿಗೂ ನಮ್ಮ ಚಿತ್ರಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಟೋನಿಯ ತಾಯಿ ಲಿವಿಯ ಮಗನನ್ನು ಕೊಲ್ಲಿಸುವ ಸಂಚಿನ ಹಿಂದಿರುತ್ತಾಳೆ. ಇಂಥ ತಾಯಿಯನ್ನು ಕನ್ನಡ ಚಿತ್ರವೊಂದು ತೋರಿಸಿದರೆ ಪ್ರೇಕ್ಷಕರು ಕುರ್ಚಿ ಮುರಿದಾರು. ನಮ್ಮಲ್ಲಿ ತಾಯಿ ಪ್ರಶ್ನಾತೀತಳು. ಆದ್ದರಿಂದ ಆಕೆಯ ಹೆಸರಿನಲ್ಲಿ ಮಾಡಿದ್ದೂ ಪ್ರಶ್ನಾತೀತ. ತಾಯಿಯ ಮೇಲಿನ ಗೌರವವನ್ನು ಕಡಿಮೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತಮ್ಮನ್ನು ಪ್ರೀತಿಸುವವರನ್ನಷ್ಟೇ ಪ್ರೀತಿಸುವುದು ಸುಂಕದವರಿಗೂ ಸಾಧ್ಯ ಎಂದು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಪ್ರಭು ಹೇಳಿದ್ದನ್ನು ನಾವು ಪ್ರಬೋಧನೆಯಲ್ಲಿ ಎಷ್ಟು ಸಲ ವಿವರಿಸಿದ್ದೇವೆ? ನಮ್ಮ ಕುಟುಂಬ ಭಾನುವಾರದ ಪ್ರಬೋಧನೆಗಳಲ್ಲಿ ಒಳ್ಳೆಯ ಗಂಡ, ಒಳ್ಳೆಯ ಮಗ ಎಂದರೆ ಒಳ್ಳೆಯ ಕ್ರೈಸ್ತ ಎಂದು ಮುಗಿಸಿಬಿಡುತ್ತೇವೆ. ಅವನು ದುಡಿಯುವ ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವುದಿಲ್ಲ.

ಸೊಪ್ರಾನೋಸ್‌ನ ಮೂರನೆಯ ವರ್ಷದ (2001) ಎರಡು ದೃಶ್ಯಗಳು ಗುರುಗಳಾದ ನಮ್ಮನ್ನು ನೇರವಾಗಿ ಮುಟ್ಟುತ್ತವೆ. ಕಾರ್ಮೆಲ ಒಬ್ಬ ವಯಸ್ಸಾದ ಯೆಹೂದಿ ಮನೋವೈದ್ಯ, ಡಾಕ್ಟರ್ ಕ್ರಾಕೋವರ್ ಅವರ ಬಳಿಗೆ ಹೋಗುತ್ತಾಳೆ. ತನ್ನ ಪಾಪಪ್ರಜ್ಞೆ ಕಡಿಮೆಯಾಗಬೇಕೆಂದು ಆಕೆಯ ಆಸೆ. ಆತ ಅದನ್ನು ಕಡಿಮೆ ಮಾಡುವುದಿಲ್ಲ. ಗಂಡನನ್ನು ಬಿಡು, ಮಕ್ಕಳನ್ನು ಕರೆದುಕೊಂಡು ಹೋಗು ಎನ್ನುತ್ತಾನೆ. ಶುಲ್ಕ ತೆಗೆದುಕೊಳ್ಳುವುದಿಲ್ಲ, ಅದು ರಕ್ತದ ಹಣ. ತನಗೆ ಯಾರೂ ಹೇಳಿರಲಿಲ್ಲ ಎಂದು ಆಕೆ ಇನ್ನೆಂದೂ ಹೇಳುವಂತಿಲ್ಲ ಎಂದೂ ತಿಳಿಸುತ್ತಾನೆ. ಆಕೆ ಮನೆಗೆ ಹೋಗಿ ಮಾಡುವುದೇನು? ಮಗಳ ವಿಶ್ವವಿದ್ಯಾಲಯಕ್ಕೆ ಗಂಡನಿಂದ 50,000 ಡಾಲರ್ ದಾನ ಕೊಡಿಸುತ್ತಾಳೆ. ಕೆಲವು ಕಂತುಗಳ ನಂತರ ಪಾಪನಿವೇದನೆಗೆ ಹೋಗುತ್ತಾಳೆ. ಅಲ್ಲಿ ಸಿಗುವ ಗುರು ಫಾದರ್ ಒಬೋಸಿ ಮನಶ್ಶಾಸ್ತ್ರ ಓದಿದವರು, ಮೃದು ಮಾತಿನವರು. ವಿವಾಹ ಪವಿತ್ರ, ಗಂಡನಲ್ಲಿ ಒಳ್ಳೆಯ ಭಾಗವೊಂದಿದೆ, ಆ ಭಾಗ ದುಡಿದದ್ದರಲ್ಲಿ ಬದುಕುವುದನ್ನು ಕಲಿತುಕೋ ಎಂದು ಸಲಹೆ ಕೊಡುತ್ತಾರೆ. ಆಕೆಗೆ ಸಮಾಧಾನವಾಗುತ್ತದೆ.

ಈ ಸಲಹೆಯನ್ನು ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳ ಮುಂದಿಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಒಳ್ಳೆಯ ಪಾಲನಾ ಸೇವೆ ಎನ್ನುತ್ತಾರೆ. ನೊಂದವಳನ್ನು ಗದರಿಸಲಿಲ್ಲ, ವಿವಾಹ ಸಂಸ್ಕಾರವನ್ನು ಎತ್ತಿಹಿಡಿದರು, ದಾರಿ ತೋರಿಸಿದರು ಎಂದು. ನಾನು ಅವರ ಮೇಲೆ ಸಿಟ್ಟಾಗುವುದಿಲ್ಲ. ಆದರೆ ಲೆಕ್ಕ ಕೇಳುತ್ತೇನೆ: ಆ ಮನೆಯ ಯಾವ ಗೋಡೆ ಒಳ್ಳೆಯ ಭಾಗದ ದುಡಿಮೆಯಿಂದ ಕಟ್ಟಿದ್ದು? ಕದ್ದದ್ದನ್ನು ಹಿಂದಿರುಗಿಸುವುದು ರಕ್ಷಣೆಗೆ ಅಗತ್ಯ ಎಂದು ಸಂತ ತೋಮಸ್ ಅಕ್ವಿನಾಸರು ಹೇಳಿದ್ದಾರೆ. ಅನ್ಯಾಯವಾಗಿ ಪಡೆದದ್ದರಿಂದ ಭಿಕ್ಷೆ ಕೊಡಬಹುದೇ ಎಂಬ ಪ್ರಶ್ನೆಯನ್ನೂ ಅವರು ಪ್ರತ್ಯೇಕವಾಗಿ ಎತ್ತುತ್ತಾರೆ; ಯಾರಿಂದ ಕಸಿದದ್ದೋ ಅವರಿಗೇ ಸಲ್ಲಬೇಕಾದ ಹಣವನ್ನು ದಾನ ಮಾಡಲಾಗದು ಎಂಬುದು ಅವರ ಉತ್ತರದ ಮೊದಲ ಅಂಶ. ಜಕ್ಕಾಯ ಪ್ರಭುವಿಗೆ ಊಟ ಹಾಕಿಸಿ ಸುಮ್ಮನಾಗಲಿಲ್ಲ. ಮೋಸ ಮಾಡಿದವರಿಗೆ ನಾಲ್ಕರಷ್ಟು ಹಿಂದಿರುಗಿಸುವ ಮಾತು ಕೊಟ್ಟ. ಆ ಮನೆಗೆ ರಕ್ಷಣೆ ಬಂದಿತೆಂದು ಪ್ರಭು ಹೇಳಿದ್ದು ಆ ಮಾತಿನ ಬಳಿಕ. ಇಷ್ಟು ಸೂಕ್ಷ್ಮ ನಮ್ಮ ಜನರಿಗೆ ಅರ್ಥವಾಗದು ಎನ್ನುವವರು ನಾಯಕನಹಟ್ಟಿಯ ಜಾತ್ರೆಗೆ ಒಮ್ಮೆ ಹೋಗಿ ಬರಲಿ. ಮಾಡಿದ ಕೆಲಸಕ್ಕೆ ತಕ್ಕಷ್ಟೇ ಪಾವತಿ ಎಂದು ಕಲಿಸಿದ ತಿಪ್ಪೇರುದ್ರಸ್ವಾಮಿಯನ್ನು ನೆನೆಯುವ ಸೀಮೆ ಇದು. ಇಲ್ಲಿಯವರಿಗೆ ಲೆಕ್ಕ ಗೊತ್ತು.

ಲೆಕ್ಕ ತಪ್ಪಿದವನು ನಾನು. ಹನ್ನೆರಡು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಚಿಕ್ಕ ದೇವಾಲಯದ ಹೆಂಚು ಹಾರಿಹೋಗಿತ್ತು. ಬಡ್ಡಿ ವ್ಯವಹಾರ ಮಾಡುತ್ತಿದ್ದ ಒಬ್ಬರು ಇಡೀ ಮೇಲ್ಛಾವಣಿಗೆ ಶೀಟು ಹಾಕಿಸಿಕೊಟ್ಟರು. ಅವರು ವಯಸ್ಸಾದ ತಾಯಿಯನ್ನು ಪ್ರತಿ ಭಾನುವಾರ ಕಾರಿನಲ್ಲಿ ಕರೆತಂದು, ಕೈಹಿಡಿದು ಒಳಗೆ ಕೂರಿಸುತ್ತಿದ್ದರು. ಅವರ ಮನೆಯಲ್ಲಿ ನಾನು ಊಟ ಮಾಡಿದ್ದೇನೆ. ಮಕ್ಕಳು ಕಾಲಿಗೆ ಬಿದ್ದಿದ್ದಾರೆ. ಮೇಲ್ಛಾವಣಿಯ ಆಶೀರ್ವಾದದ ದಿನ ಪೀಠದ ಬಳಿ ನಿಂತು, ಇಂಥ ಮಗ ಎಲ್ಲ ತಾಯಂದಿರಿಗೂ ಸಿಗಲಿ ಎಂದೆ. ಹಿಂದಿನ ಸಾಲಿನಲ್ಲಿ ಒಬ್ಬ ನೇಕಾರ ನಿಂತಿದ್ದ. ಮೂರು ತಿಂಗಳ ಹಿಂದೆ, ಬಡ್ಡಿ ಕಟ್ಟಲಾಗದೆ ಅವನ ಮಗ್ಗ ಆ ಮನೆಗೆ ಹೋಗಿತ್ತು. ಅದು ನನಗೆ ತಿಳಿದಿತ್ತು. ಪಾಪನಿವೇದನೆಯಲ್ಲಿ ಅಲ್ಲ, ಊರಿನ ಬಾಯಲ್ಲಿ. ಬಲಿಪೂಜೆ ಮುಗಿದ ಮೇಲೆ ಅವನು ಏನೂ ಹೇಳಲಿಲ್ಲ. ಮುಂದಿನ ಭಾನುವಾರದಿಂದ ಬರಲಿಲ್ಲ. ಆ ವರ್ಷವೇ ಕುಟುಂಬ ಸಮೇತ ಬೆಂಗಳೂರಿಗೆ ಹೋದನೆಂದು ಕೇಳಿದೆ. ಫಾದರ್ ಒಬೋಸಿಯವರನ್ನು ತರಗತಿಯಲ್ಲಿ ಟೀಕಿಸುವಾಗ ನನ್ನ ದನಿ ಅಷ್ಟು ಗಟ್ಟಿಯಾಗಿರುವುದಿಲ್ಲ; ವಿದ್ಯಾರ್ಥಿಗಳು ಗಮನಿಸಿರಬಹುದು.

ಇದು ಒಬ್ಬ ಗುರುವಿನ ದೌರ್ಬಲ್ಯ ಮಾತ್ರವಲ್ಲ. 1993ರ ಮೇ 9ರಂದು ಸಿಸಿಲಿಯ ಅಗ್ರಿಜೆಂತೊದಲ್ಲಿ ಸಂತ ಎರಡನೆಯ ಜಾನ್ ಪೌಲರು ಬರೆದು ತಂದಿದ್ದ ಮಾತು ಮುಗಿದ ಮೇಲೂ ನಿಂತು, ಮಾಫಿಯಾದವರು ಪಶ್ಚಾತ್ತಾಪಪಡಬೇಕು, ದೇವರ ನ್ಯಾಯತೀರ್ಪು ಬಂದೇ ಬರುತ್ತದೆ ಎಂದು ಕೂಗಿ ಹೇಳಿದರು. ಅದೇ ಸೆಪ್ಟೆಂಬರ್ 15ರಂದು ಪಲೆರ್ಮೊದ ಧರ್ಮಕೇಂದ್ರದ ಗುರು ಪಿನೊ ಪುಲಿಸಿಯವರನ್ನು ಅವರ ಮನೆಯ ಬಾಗಿಲಲ್ಲಿ ಕೊಂದರು. ಬೀದಿಯ ಹುಡುಗರನ್ನು ಮಾಫಿಯಾದ ಕೈಗೆ ಸಿಗದಂತೆ ಕಾಯುತ್ತಿದ್ದದ್ದು ಅವರ ಅಪರಾಧ. 2014ರ ಜೂನ್‌ನಲ್ಲಿ ಕಲಾಬ್ರಿಯದಲ್ಲಿ ಪೋಪ್ ಫ್ರಾನ್ಸಿಸ್ ಮಾಫಿಯಾದವರು ಧರ್ಮಸಭೆಯಿಂದ ಬಹಿಷ್ಕೃತರು ಎಂದು ಸಾರಿದರು. ಕೆಲವೇ ದಿನಗಳಲ್ಲಿ ಅದೇ ಕಲಾಬ್ರಿಯದ ಒಪ್ಪಿದೊ ಮಾಮೆರ್ತಿನದಲ್ಲಿ ಮಾತೆ ಮರಿಯಮ್ಮನವರ ಪ್ರತಿಮೆಯ ಮೆರವಣಿಗೆ ಗೃಹಬಂಧನದಲ್ಲಿದ್ದ ಮುಖ್ಯಸ್ಥನೊಬ್ಬನ ಮನೆಯ ಮುಂದೆ ಗೌರವದಿಂದ ನಿಂತಿತು. ತೇರು ಯಾರ ಮನೆ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನಮ್ಮ ಹಳ್ಳಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಕಳೆದ ತಪಸ್ಸುಕಾಲದಲ್ಲಿ ಮತ್ತೆ ಬಿ.ಜಿ. ಕೆರೆಗೆ ಹೋಗಿದ್ದೆ. ಅಜ್ಜಿಯ ಮನೆಯಲ್ಲಿ ಈ ಸಲ ಟಿವಿಯಲ್ಲಿ ಬೇರೇನೋ ಬರುತ್ತಿತ್ತು. ನಾನೇ 'ಜೋಗಿ'ಯ ಮಾತು ತೆಗೆದೆ. ಪ್ರೇಮ್ ನಿರ್ದೇಶನದ ಆ 2005ರ ಚಿತ್ರದ ಕೊನೆಯನ್ನು ನನಗಿಂತ ಚೆನ್ನಾಗಿ ಅವರೇ ಹೇಳಿದರು. ಊರಿಂದ ಮಗನನ್ನು ಹುಡುಕಿಕೊಂಡು ಬಂದ ತಾಯಿ ಅವನನ್ನು ಕಾಣದೆಯೇ ಸಾಯುತ್ತಾಳೆ. ಚಟ್ಟ ಹೊತ್ತ ಮೆರವಣಿಗೆ ಬೀದಿಯಲ್ಲಿ ಬರುವಾಗ, ಸತ್ತವರು ಯಾರೆಂದು ತಿಳಿಯದ ಮಗ ಅದರ ಮುಂದೆ ಕುಣಿಯುತ್ತಾನೆ. ಆ ಚಿತ್ರದ ಅಭಿಮಾನಿಗಳಿಗಿಂತ ಆ ಚಿತ್ರ ದೊಡ್ಡದು ಎಂದು ನನಗೆ ಅನ್ನಿಸುವುದು ಈ ಒಂದು ದೃಶ್ಯದಿಂದ. ಬೇರೆಯವರ ತಾಯಿ ಎಂದುಕೊಂಡಿದ್ದರಿಂದ ಅವನು ಕುಣಿದ.

ನಾನು ಅಜ್ಜಿಗೆ ಅಗಸ್ಟೀನರ ಹೆಸರು ಹೇಳಲಿಲ್ಲ. ಅವನ ಪ್ರೀತಿ ಸುಳ್ಳಲ್ಲ ಅಜ್ಜಿ, ನಿಜವೇ. ತಾಯಿ ಅಂದರೆ ಏನು ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಮಚ್ಚು ಎತ್ತಿದ ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಳಗೆ ಹೋಗಿ ಚಹಾಕ್ಕಿಟ್ಟು ಬಂದರು. ಆಮೇಲೆ ಕೇಳಿದರು: "ಹಂಗಾರೆ ಅವ್ನು ಕಡಿದ್ನಲ್ಲ ಫಾದರ್, ಆ ಹುಡುಗ್ರ ತಾಯಂದ್ರು? ಅವ್ರನ್ನ ಒಂದು ಸಲಾನೂ ತೋರಿಸ್ಲಿಲ್ಲವಲ್ಲ."